ಜಾಡಿಯ ಮುಚ್ಚಳದಿಂದ ಜಾಲತಾಣಕ್ಕೆ: ಬೇಕಾದ ಗಿರಾಕಿಯೇ ಬರುವ ಒಳದಾರಿಗಳು

ನಮ್ಮ ಉಪ್ಪಿನಕಾಯಿಯ ಜಾಲತಾಣಕ್ಕೆ ಒಂದು ವಾರ ಹತ್ತು ಸಾವಿರ ಜನ ಬಂದರು. ಒಂದು ಜಾಡಿಯೂ ಹೋಗಲಿಲ್ಲ.

ಬಂದರು ಎನ್ನುವುದಕ್ಕಿಂತ ಹಿಡಿದು ತಂದರು ಎನ್ನಬೇಕು. ‘ಇಷ್ಟು ದುಡ್ಡಿಗೆ ಇಷ್ಟು ಸಾವಿರ ಭೇಟಿ’ ಎಂದು ಹೇಳಿದ ಒಬ್ಬ ಏಜೆಂಟನಿಗೆ ನಾನು ಹಣ ಕಟ್ಟಿದ್ದೆ. ಲೆಕ್ಕ ತೆಗೆದು ನೋಡಿದರೆ ಹೆಚ್ಚಿನವರು ಕನ್ನಡದ ಗಂಧಗಾಳಿಯಿಲ್ಲದ ದೇಶಗಳವರು. ಒಂದೆರಡು ಸೆಕೆಂಡಿಗಿಂತ ಹೆಚ್ಚು ನಿಂತವರಿಲ್ಲ. ಬಹುಶಃ ಮನುಷ್ಯರೂ ಅಲ್ಲ. ಅತ್ತೆಗೆ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ಅಷ್ಟು ಜನ ಬಂದಿದ್ದರೆ ಅಂಗಳದಲ್ಲಿ ಒಂದು ಜೊತೆ ಚಪ್ಪಲಿಯಾದರೂ ಕಾಣಬೇಕಿತ್ತಲ್ಲ?’

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಎಂಬ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಹಾಕುವವರು ಅತ್ತೆ, ಜಾಲತಾಣ ನೋಡಿಕೊಳ್ಳುವವಳು ನಾನು. ಜಾಹೀರಾತಿಗೆ ಸುರಿಯಲು ದುಡ್ಡಿಲ್ಲ, ದಿನಕ್ಕೊಂದು ರೀಲ್ಸ್ ಮಾಡಲು ಪುರುಸೊತ್ತಿಲ್ಲ. ಹಾಗಾಗಿ ಹೆದ್ದಾರಿ ಬಿಟ್ಟು ಒಳದಾರಿಗಳನ್ನು ಹುಡುಕಿದೆ. ಮಲೆನಾಡಿನಲ್ಲಿ ಗುರುತಿನವರು ಮನೆಗೆ ಬರುವುದು ಹೇಗೂ ಒಳದಾರಿಯಲ್ಲೇ. ನಡೆದು ನೋಡಿದ ದಾರಿಗಳನ್ನು, ಮುಗ್ಗರಿಸಿದ ಜಾಗಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ನೀವು ಹಾಳೆತಟ್ಟೆ ಮಾರುವವರಿರಬಹುದು, ಸಂಗೀತ ಕಲಿಸುವವರಿರಬಹುದು. ಉಪ್ಪಿನಕಾಯಿ ಎಂದಿರುವಲ್ಲಿ ನಿಮ್ಮ ಸರಕಿನ ಹೆಸರು ಇಟ್ಟುಕೊಳ್ಳಿ.

ಹೆಜ್ಜೆ 1: ಜನರಿಗಿಂತ ಮೊದಲು ಹೊತ್ತನ್ನು ಗುರುತಿಸಿ

‘ನಿಮ್ಮ ಗಿರಾಕಿ ಯಾರು?’ ಎಂದರೆ ಹೆಚ್ಚಿನವರು ವಯಸ್ಸು, ಊರು, ಸಂಬಳ ಹೇಳುತ್ತಾರೆ. ಬೆಂಗಳೂರಿನಲ್ಲಿರುವ, ಮೂವತ್ತೈದು ದಾಟಿದ, ಉತ್ತರ ಕನ್ನಡ ಮೂಲದ ಹೆಂಗಸರು ಎಂದು ನಾನೂ ಬರೆದಿಟ್ಟಿದ್ದೆ. ಅದರಿಂದ ಮೂರು ಕಾಸಿನ ಪ್ರಯೋಜನವಾಗಲಿಲ್ಲ. ಅದೇ ಹೆಂಗಸು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ ಉಪ್ಪಿನಕಾಯಿಯ ಯೋಚನೆಯಲ್ಲಿ ಇರುವುದಿಲ್ಲ.

ಆದ್ದರಿಂದ ಒಂದು ನೋಟ್‌ಬುಕ್ಕು ತೆಗೆದುಕೊಂಡು, ನಿಮ್ಮ ಸರಕಿನ ನೆನಪು ತಾನಾಗಿ ಬರುವ ಹೊತ್ತು ಯಾವುದು ಎಂದು ಬರೆಯಿರಿ. ನಮ್ಮಲ್ಲಿ ಮೂರು ಸಿಕ್ಕವು. ಮಗಳು ವಿದೇಶಕ್ಕೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತುಂಬುತ್ತಿರುವ ತಾಯಿ. ಮದುವೆಗೆ ಸಾಮಾನಿನ ಪಟ್ಟಿ ಬರೆಯುತ್ತಿರುವ ಅಡುಗೆ ಭಟ್ಟರು. ತಾನೇ ಉಪ್ಪಿನಕಾಯಿ ಹಾಕಿ, ತಿಂಗಳ ಮೇಲೆ ಮುಚ್ಚಳ ತೆರೆದು, ಮಿಡಿ ಮೆತ್ತಗಾಗಿರುವುದನ್ನು ಕಂಡು ಬೇಸರಗೊಂಡಿರುವ ಗೃಹಿಣಿ. ಮೂರನೆಯವರನ್ನು ಸೂಚಿಸಿದ್ದು ಅತ್ತೆ. ಅಂಥ ಫೋನುಗಳು ಅವರಿಗೆ ವರ್ಷವೂ ಬರುತ್ತಿದ್ದವಂತೆ; ನನಗೆ ಹೇಳುವ ಗೋಜಿಗೆ ಅವರು ಹೋಗಿರಲಿಲ್ಲ, ಅಷ್ಟೆ.

ಮುಂದಿನ ಹೆಜ್ಜೆಗಳೆಲ್ಲ ಈ ಮೂವರ ಸುತ್ತಲೇ ಇವೆ.

ಹೆಜ್ಜೆ 2: ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಒಂದೊಂದು ಪುಟ

ಒಂದು ತಿಂಗಳು, ಮನೆಗೆ ಬರುವ ಪ್ರತಿ ಫೋನಿನ ಪ್ರಶ್ನೆಯನ್ನೂ ಕೇಳಿದವರ ಮಾತಿನಲ್ಲೇ ಬರೆದಿಡಿ. ತಿದ್ದಬೇಡಿ. ‘ಸಂರಕ್ಷಣಾ ವಿಧಾನ’ ಎಂದು ಯಾರೂ ಕೇಳುವುದಿಲ್ಲ, ‘ಮೇಲೆ ಬಿಳಿ ಬೂಷ್ಟು ಬಂದಿದೆ, ಎಸೆಯಬೇಕಾ?’ ಎಂದು ಕೇಳುತ್ತಾರೆ. ಆ ಸಾಲೇ ಪುಟದ ತಲೆಬರಹ ಆಗಬೇಕು. ಮೊದಲ ಮೂರು ಸಾಲಿನಲ್ಲಿ ಉತ್ತರ ಸಿಗಬೇಕು. ಉಪ್ಪಿನಕಾಯಿಯ ಇತಿಹಾಸ, ನಮ್ಮ ಮನೆತನದ ಪರಂಪರೆ ಇವೆಲ್ಲ ಪುಟದ ಬುಡದಲ್ಲಿ ಇದ್ದರೆ ಸಾಕು.

ನಾವು ಮೊದಲು ಬರೆದದ್ದು ಮಿಡಿ ಮೆತ್ತಗಾಗುವುದೇಕೆ ಎಂಬ ಪುಟ. ಮರದಿಂದ ಉದುರಿ ಪೆಟ್ಟಾದ ಮಿಡಿ ಹಾಕಿದರೆ, ತೊಟ್ಟು ಪೂರಾ ಕಿತ್ತರೆ, ಉಪ್ಪು ಕಡಿಮೆ ಹಿಡಿದರೆ, ಜಾಡಿಯಲ್ಲಿ ನೀರಿನ ಪಸೆ ಉಳಿದರೆ, ಮಿಡಿಗಳು ಉಪ್ಪುನೀರಿನಲ್ಲಿ ಮುಳುಗಿರದೆ ಮೇಲೆ ತೇಲಿದರೆ ಕೆಡುತ್ತವೆ. ಒಂದೊಂದಕ್ಕೂ ಫೋಟೊ: ಗಟ್ಟಿ ಮಿಡಿಯನ್ನು ಹೆಬ್ಬೆರಳಿನಿಂದ ಒತ್ತಿದ್ದು, ಮೆತ್ತಗಾದದ್ದನ್ನು ಒತ್ತಿದ್ದು. ‘ಗುಟ್ಟೆಲ್ಲ ಬಿಟ್ಟುಕೊಟ್ಟರೆ ನಮ್ಮಿಂದ ಕೊಳ್ಳುವವರು ಯಾರು?’ ಎಂದು ಅತ್ತೆ ಹುಬ್ಬು ಗಂಟಿಕ್ಕಿದರು. ಪೂರಾ ಓದಿದವರಲ್ಲಿ ಕೆಲವರು ಮುಂದಿನ ವರ್ಷ ಸರಿಯಾಗಿ ಹಾಕಿಕೊಂಡರು. ಉಳಿದವರು ‘ಇಷ್ಟೆಲ್ಲ ರಗಳೆ ಯಾರಿಗೆ ಬೇಕು’ ಎಂದು ಒಂದು ಕಿಲೋ ತರಿಸಿಕೊಂಡರು.

ಹೆಚ್ಚು ಫಲ ಕೊಟ್ಟದ್ದು ಮಾತ್ರ ಸೂಟ್‌ಕೇಸಿನ ಪುಟ. ವಿಮಾನದಲ್ಲಿ ಉಪ್ಪಿನಕಾಯಿ ಒಯ್ಯುವುದು ಹೇಗೆ ಎಂಬ ಪ್ರಶ್ನೆ ಹುಟ್ಟುವುದು ಹೊರಡುವ ಹೊತ್ತಿಗೆ, ಗಾಬರಿಯಲ್ಲಿ. ಕೈಚೀಲದಲ್ಲಿ ಒಯ್ಯುವ ದ್ರವಕ್ಕೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರಿನ ಮಿತಿ ಇದೆ. ರಸ ತುಂಬಿದ ಉಪ್ಪಿನಕಾಯಿಯ ಜಾಡಿಯನ್ನು ಭದ್ರತಾ ತಪಾಸಣೆಯಲ್ಲಿ ತೆಗೆದಿಡುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಚೆಕ್-ಇನ್ ಸಾಮಾನಿನಲ್ಲೇ ಇಡಬೇಕು. ಗಾಜಿನ ಜಾಡಿ ಬೇಡ. ಎರಡು ಪದರದ ಪೊಟ್ಟಣ ಬೇಕು, ಅದರ ಸುತ್ತ ಹಳೆಯ ಟವೆಲ್ ಇರಲಿ. ಇಳಿಯುವ ದೇಶದ ಆಹಾರ ನಿಯಮ ಮೊದಲೇ ನೋಡಿಕೊಳ್ಳಬೇಕು, ಅಲ್ಲಿಯ ಅರ್ಜಿಯಲ್ಲಿ ಆಹಾರ ಪದಾರ್ಥ ಇದೆಯೇ ಎಂದು ಕೇಳಿದರೆ ಇದೆ ಎಂದೇ ಬರೆಯಬೇಕು. ಇಷ್ಟೇ ಪುಟ. ಕೊನೆಯಲ್ಲಿ ಒಂದು ಸಾಲು: ‘ಸೂಟ್‌ಕೇಸಿಗೆಂದೇ ರಸ ಬಸಿದು ಕಟ್ಟಿದ ಅರ್ಧ ಕಿಲೋ ಪೊಟ್ಟಣ ನಮ್ಮಲ್ಲಿದೆ.’ ಅಂಥ ಪೊಟ್ಟಣ ಮೊದಲು ನಮ್ಮಲ್ಲಿ ಇರಲೇ ಇಲ್ಲ. ಪುಟ ಬರೆಯಲು ಕೂತಾಗಲೇ ಅದು ಬೇಕೆಂದು ಹೊಳೆದದ್ದು.

ಹೆಜ್ಜೆ 3: ಜನ ಬರೆಯುವ ಕಾಗುಣಿತವನ್ನು ಒಪ್ಪಿಕೊಳ್ಳಿ

ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯ ಇದೆ. ನಿಮ್ಮ ತಾಣ ನಿಮ್ಮದೇ ಎಂದು ಅದಕ್ಕೆ ತೋರಿಸಿಕೊಟ್ಟರೆ, ಜನ ಯಾವ ಪದ ಬರೆದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂದು ಹೇಳುತ್ತದೆ. ಅದನ್ನು ತೆರೆದ ದಿನ ನನ್ನ ಕನ್ನಡಾಭಿಮಾನಕ್ಕೆ ಸಣ್ಣ ಪೆಟ್ಟು ಬಿತ್ತು. ಬಹಳಷ್ಟು ಮಂದಿ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ, ಅದೂ ಮನಸ್ಸಿಗೆ ಬಂದಂತೆ. ಅಪ್ಪೆಗೆ ಒಂದು ಪಿ, ಎರಡು ಪಿ. ಉಪ್ಪಿನಕಾಯಿಯ ಬಾಲಕ್ಕೆ ಐ, ವೈ, ಎರಡೂ.

ಆ ಎಲ್ಲ ರೂಪಗಳನ್ನೂ ಪುಟದ ಬುಡದಲ್ಲಿ ಬಿಳಿ ಅಕ್ಷರದಲ್ಲಿ ತುರುಕಿ ಬಚ್ಚಿಡಿ ಎಂದು ಸಲಹೆ ಕೊಡುವವರಿದ್ದಾರೆ. ಮಾಡಬೇಡಿ, ಗೂಗಲ್ ಅದನ್ನು ಮೋಸವೆಂದೇ ಎಣಿಸುತ್ತದೆ. ಪುಟದ ವಿಳಾಸದಲ್ಲಿ ಒಂದು ರೂಪ, ಫೋಟೊದ ವಿವರಣೆಯಲ್ಲಿ ಇನ್ನೊಂದು, ಪುಟದೊಳಗಿನ ಒಂದು ಸಹಜ ವಾಕ್ಯದಲ್ಲಿ ಮತ್ತೊಂದು ಬಂದರೆ ಸಾಕು.

ಇದರ ಪಕ್ಕದಲ್ಲೇ ಇನ್ನೊಂದು ಕಿಂಡಿ ಇದೆ. ಎಳೆ ಮಾವಿನ ಉಪ್ಪಿನಕಾಯಿ ನಮ್ಮದೊಂದೇ ಅಲ್ಲ. ತಮಿಳರ ಮಾವಡು, ಮಲಯಾಳಿಗಳ ಕಣ್ಣಿಮಾಂಗ ಅದರ ದಾಯಾದಿಗಳು. ಈ ಮೂರಕ್ಕೂ ಇರುವ ವ್ಯತ್ಯಾಸ ಏನೆಂದು ಒಂದು ಪುಟ ಬರೆದೆ. ಅಪ್ಪೆಯ ಸೊನೆಯ ಪರಿಮಳ, ಜೀರಿಗೆ ಮಿಡಿಗೆ ಆ ಹೆಸರು ಬರಲು ಕಾರಣವಾದ ವಾಸನೆ, ಹೊಳೆದಂಡೆಯ ಮರಗಳು, ಅಪ್ಪೆಮಿಡಿಗೆ ಸಿಕ್ಕಿರುವ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ. ಮಾವಡು ತಿಂದು ಬೆಳೆದವರಿಗೆ ಎಳೆ ಮಿಡಿಯ ರುಚಿ ನಾವು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 4: ಖಾಲಿ ಜಾಡಿಯನ್ನು ಮಾತಾಡಿಸಿ

ಒಮ್ಮೆ ಕೊಂಡವರು ಮತ್ತೆ ಬರಬೇಕಾದ ಕ್ಷಣ ಜಾಡಿ ಖಾಲಿಯಾದಾಗಿನದು. ಆ ಕ್ಷಣದಲ್ಲಿ ಅವರ ಕಣ್ಣ ಮುಂದೆ ಇರುವುದು ಜಾಡಿ ಮಾತ್ರ. ಇಲ್ಲೊಂದು ಬುದ್ಧಿವಂತಿಕೆ ತೋರಿಸಲು ಹೋಗಿ ಕೈಸುಟ್ಟುಕೊಂಡೆ. ಲೇಬಲ್ಲಿನ ಹಿಂಬದಿಯಲ್ಲಿ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದೆ. ಉಪ್ಪಿನಕಾಯಿ ಮುಗಿಯುತ್ತ ಬಂದ ಹಾಗೆ ಗಾಜಿನ ಒಳಗಿನಿಂದ ಅದು ಕಾಣಿಸಬೇಕು, ಮೇಲೆ ‘ಮುಗಿಯಿತೇ?’ ಎಂಬ ಪ್ರಶ್ನೆ. ಕಲ್ಪನೆ ಚೆನ್ನಾಗಿಯೇ ಇತ್ತು. ಆದರೆ ಸಾಸಿವೆ, ಮೆಣಸಿನಪುಡಿಯ ಮಸಾಲೆ ಗಾಜಿಗೆ ಮೆತ್ತಿಕೊಂಡು, ಜಾಡಿ ತೊಳೆಯುವವರೆಗೆ ಕೋಡ್ ಯಾರಿಗೂ ಕಾಣಲಿಲ್ಲ. ತೊಳೆಯುವಾಗ ನೀರು ಬಿದ್ದು ಲೇಬಲ್ಲೇ ಕಿತ್ತು ಬಂತು.

ಈಗ ಕೋಡ್ ಮುಚ್ಚಳದ ಮೇಲಿದೆ. ಮಾಡುವ ಕ್ರಮ ಹೀಗೆ. ಮೊದಲು ಕೋಡ್ ಕರೆದೊಯ್ಯಬೇಕಾದ ಪುಟ ಬರೆಯಿರಿ. ಮುಖಪುಟಕ್ಕೆ ಒಯ್ಯುವ ಕೋಡ್ ದಂಡ. ನಮ್ಮದು ‘ಜಾಡಿ ತೆರೆದಿರಾ?’ ಎಂಬ ಪುಟಕ್ಕೆ ಹೋಗುತ್ತದೆ: ಒಣ ಚಮಚವನ್ನೇ ಹಾಕಿ, ಮಿಡಿ ರಸದಲ್ಲಿ ಮುಳುಗಿರಲಿ ಎಂಬ ಎರಡು ಮಾತು, ಕೆಳಗೆ ಮತ್ತೆ ತರಿಸುವ ಗುಂಡಿ. ಆ ಪುಟದ ವಿಳಾಸ ಆದಷ್ಟು ಗಿಡ್ಡ ಇರಲಿ. ವಿಳಾಸ ಉದ್ದವಾದಷ್ಟೂ ಕೋಡಿನ ಚೌಕಗಳು ಸಣ್ಣದಾಗಿ ಒತ್ತೊತ್ತಾಗುತ್ತವೆ, ಹಳೆಯ ಮೊಬೈಲುಗಳು ಓದಲು ತಿಣುಕುತ್ತವೆ. ಕೋಡ್ ಮಾಡುವಾಗ ದೋಷ ತಿದ್ದುವ ಮಟ್ಟ ಆರಿಸಲು ಕೇಳುತ್ತದೆ. ನಾಲ್ಕರಲ್ಲಿ ಅತಿ ಹೆಚ್ಚಿನದನ್ನು ಆರಿಸಿದರೆ ಸುಮಾರು ಶೇ 30ರಷ್ಟು ಭಾಗ ಎಣ್ಣೆ ಕಲೆಯಿಂದ ಹಾಳಾದರೂ ಓದಬಹುದು. ಅಡುಗೆಮನೆಯ ಸರಕಿಗೆ ಅದೇ ಸರಿ. ಅಳತೆ ಎರಡು ಸೆಂಟಿಮೀಟರಿಗೆ ಕಡಿಮೆ ಬೇಡ, ಸುತ್ತ ಬಿಳಿ ಅಂಚು ಬಿಡಿ. ಅಚ್ಚಿಗೆ ಕೊಡುವ ಮುನ್ನ ಒಂದು ಕಾಗದದಲ್ಲಿ ತೆಗೆದು, ಮುಚ್ಚಳಕ್ಕೆ ಅಂಟಿಸಿ, ಅದರ ಮೇಲೆ ಎಣ್ಣೆಯ ಬೆರಳು ಆಡಿಸಿ, ಮನೆಯಲ್ಲಿರುವ ಅತ್ಯಂತ ಹಳೆಯ ಮೊಬೈಲಿನಿಂದ ಓದಿಸಿ ನೋಡಿ.

ಒಂದು ಎಚ್ಚರಿಕೆ. ಉಚಿತವಾಗಿ ಕೋಡ್ ಮಾಡಿಕೊಡುವ ಕೆಲವು ತಾಣಗಳು ನಿಮ್ಮ ವಿಳಾಸದ ಬದಲು ತಮ್ಮ ವಿಳಾಸವನ್ನು ಒಳಗಿಟ್ಟು, ಅಲ್ಲಿಂದ ನಿಮ್ಮಲ್ಲಿಗೆ ಕಳಿಸುತ್ತವೆ. ಕೆಲವು ವಾರಗಳ ಮೇಲೆ ಅವರು ದುಡ್ಡು ಕೇಳಿದಾಗಲೇ ಅದು ಗೊತ್ತಾಗುವುದು. ಅಷ್ಟರಲ್ಲಿ ನಮ್ಮ ಮುಚ್ಚಳಗಳು ಅರ್ಧ ಕರ್ನಾಟಕ ಸುತ್ತಿದ್ದವು. ಕೋಡ್ ಮಾಡಿದ ಮೇಲೆ ಅದನ್ನು ಓದಿಸಿ, ಪರದೆಯ ಮೇಲೆ ಬರುವ ವಿಳಾಸ ನಿಮ್ಮದೇ ಹೌದೇ ಎಂದು ಅಕ್ಷರ ಅಕ್ಷರ ನೋಡಿ.

ಹೆಜ್ಜೆ 5: ವಾಟ್ಸ್‌ಆ್ಯಪ್‌ನಲ್ಲಿ ನೀವು ಕಳಿಸಬೇಡಿ, ಬೇರೆಯವರು ಕಳಿಸುವಂತೆ ಮಾಡಿ

ನೆಂಟರ ಗುಂಪು, ಶಾಲೆಯ ಗೆಳೆಯರ ಗುಂಪು, ಊರಿನ ಗುಂಪು ಎಲ್ಲದಕ್ಕೂ ಲಿಂಕ್ ಎಸೆಯುವುದು ಎಲ್ಲರೂ ಮಾಡುವ ಕೆಲಸ. ಮೊದಲ ಸಲ ನಾಲ್ಕು ಹೆಬ್ಬೆರಳು ಬೀಳುತ್ತವೆ, ಮೂರನೆಯ ಸಲ ನಿಮ್ಮ ಹೆಸರು ಕಂಡರೆ ಜನ ಮುಂದಕ್ಕೆ ಸರಿಸುತ್ತಾರೆ.

ಅಡುಗೆ ಭಟ್ಟರಿಗಾಗಿ ನಾವು ಮಾಡಿದ ‘ಎಲೆಯ ಲೆಕ್ಕ’ ಪುಟವನ್ನು ಮಾತ್ರ ನಾನು ಇಬ್ಬರಿಗೆ ಕಳಿಸಿದೆ. ಮುಂದಕ್ಕೆ ಅದು ತಾನೇ ಹೋಯಿತು. ಪುಟದಲ್ಲಿ ಇರುವುದು ಎರಡೇ ಖಾನೆ: ಎಷ್ಟು ಎಲೆ, ಯಾವ ಗಾತ್ರದ ಮಿಡಿ. ಉತ್ತರ ಕಿಲೋದಲ್ಲಿ ಬರುತ್ತದೆ. ಇದಕ್ಕಾಗಿ ಅತ್ತೆ ಮತ್ತು ನಾನು ಅಡುಗೆಮನೆಯ ನೆಲದ ಮೇಲೆ ತಕ್ಕಡಿ ಇಟ್ಟುಕೊಂಡು ಸಣ್ಣ, ಮಧ್ಯಮ, ದೊಡ್ಡ ಮಿಡಿಗಳು ಕಿಲೋಗೆ ಎಷ್ಟೆಷ್ಟು ಹಿಡಿಯುತ್ತವೆ ಎಂದು ಒಂದು ಮಧ್ಯಾಹ್ನ ಕೂತು ಎಣಿಸಿದ್ದೆವು. ‘ಎರಡನೇ ಸಲ ಕೇಳುವವರ ಪಾಲು ಬೇರೆ ಹಾಕಿ’ ಎಂದು ಭಟ್ಟರೊಬ್ಬರು ಫೋನ್ ಮಾಡಿ ತಿದ್ದಿದರು, ಅದನ್ನೂ ಸೇರಿಸಿದೆ. ಲೆಕ್ಕ ಮಾಡಿಕೊಡುವ ಸಣ್ಣ ಪುಟಕ್ಕೆ ಇರುವ ಆಯಸ್ಸು ಯಾವ ಲೇಖನಕ್ಕೂ ಇಲ್ಲ. ನೀವು ತೋಟದ ಬೇಲಿಯ ಸಾಮಾನು ಮಾರುವವರಾದರೆ ಗುಂಟೆಯನ್ನು ಅಡಿಗೆ ಇಳಿಸುವ ಪುಟ ಮಾಡಿ: ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ಅದನ್ನು ಹುಡುಕುವವರ ಕೈಯಲ್ಲಿ ಆಗಲೇ ಒಂದು ತುಂಡು ಜಮೀನಿದೆ.

ಕನ್ನಡದ ತಾಣದವರು ಗಮನಿಸಬೇಕಾದ ಒಂದು ಸಂಗತಿ ಇದೆ. ಪುಟದ ವಿಳಾಸದಲ್ಲಿ ಕನ್ನಡ ಅಕ್ಷರ ಇಟ್ಟರೆ ಬ್ರೌಸರಿನಲ್ಲಿ ಚೆಂದ ಕಾಣುತ್ತದೆ. ಅದನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಒಂದೊಂದು ಅಕ್ಷರವೂ, ಕೊಂಬು ಗುಡಿಸು ಒತ್ತು ಸಮೇತ, ಶೇಕಡಾ ಗುರುತು ತುಂಬಿದ ಒಂಬತ್ತೊಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಅಪ್ಪೆಮಿಡಿ ಎಂಬ ಒಂದೇ ಪದ 81 ಚಿಹ್ನೆಗಳ ಸರಪಳಿ. ನೋಡಿದವರಿಗೆ ವೈರಸ್ಸಿನ ಲಿಂಕೇ ಎಂಬ ಅನುಮಾನ. ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಗಿಡ್ಡವಾಗಿ ಇಟ್ಟು, ಕನ್ನಡವನ್ನು ತಲೆಬರಹದಲ್ಲಿ ಮೆರೆಸಿ. ಲಿಂಕಿನ ಜೊತೆ ಕಾಣುವ ಚಿತ್ರವನ್ನೂ ನೀವೇ ಗೊತ್ತು ಮಾಡಿ. 1200 ಅಗಲ, 630 ಎತ್ತರದ ಹಗುರ ಚಿತ್ರ ಸಾಕು. ಗೊತ್ತು ಮಾಡದಿದ್ದರೆ ಎಲ್ಲೋ ಮೂಲೆಯಲ್ಲಿದ್ದ ಬ್ಯಾಂಕಿನ ಲಾಂಛನ ಬಂದು ಕೂರುತ್ತದೆ.

ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವುದಾದರೆ, ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ ಎಂಬುದು ನೆನಪಿರಲಿ. ಅದು ಒಳ್ಳೆಯದೇ. ಮದುವೆ ಮನೆಯ ಪಟ್ಟಿಯಿಂದ ನಂಬರ್ ಎತ್ತಿಕೊಂಡು ಸಂದೇಶ ಕಳಿಸುವುದು ಮಾತ್ರ ಸಭ್ಯತೆಯಲ್ಲ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಒಪ್ಪಿಗೆಯ ಮಾತನ್ನೇ ಆಡುತ್ತದೆ.

ಹೆಜ್ಜೆ 6: ಬೇರೆಯವರ ಮನೆಯಲ್ಲಿ ಫೋಟೊ ಇಡಿ, ಅಡುಗೆ ಇಡಿ

ಅಪ್ಪೆಮಿಡಿಯ ತಳಿಗಳ ಸರಿಯಾದ ಫೋಟೊ ಅಂತರ್ಜಾಲದಲ್ಲಿ ಕಡಿಮೆ. ನಾವು ಬಿಳಿ ಬಟ್ಟೆಯ ಮೇಲೆ ಒಂದೊಂದೇ ತಳಿಯ ಮಿಡಿ ಇಟ್ಟು, ಪಕ್ಕದಲ್ಲಿ ಅಳತೆಗೆ ಒಂದು ಐದು ರೂಪಾಯಿ ನಾಣ್ಯ ಇಟ್ಟು ತೆಗೆದು, ಯಾರೂ ಬಳಸಬಹುದಾದ ಫೋಟೊಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಿದೆವು. ಹೆಸರು ಹಾಕಬೇಕೆಂಬ ಷರತ್ತಿನ ಪರವಾನಗಿ ಆರಿಸಿದರೆ, ಪತ್ರಿಕೆಯವರೋ ವಿದ್ಯಾರ್ಥಿಗಳೋ ಬಳಸಿದಾಗ ನಿಮ್ಮ ಹೆಸರೂ ಜೊತೆಗೆ ಹೋಗಬೇಕು. ವಿಕಿಪೀಡಿಯದ ಲೇಖನದೊಳಗೆ ನಿಮ್ಮ ಅಂಗಡಿಯ ಲಿಂಕ್ ತುರುಕಲು ಮಾತ್ರ ಹೋಗಬೇಡಿ. ಅಂಥ ಹೊರಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹುಡುಕು ಯಂತ್ರಗಳಿಗೆ ಸೂಚಿಸುವ ವ್ಯವಸ್ಥೆ ಅಲ್ಲಿ 2007ರಿಂದ ಇದೆ. ಸಂಪಾದಕರು ಅಳಿಸುತ್ತಾರೆ ಎಂಬುದು ಬೇರೆ ಮಾತು.

ವಿದೇಶದ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಕ್ಕೆ ಸಂಚಿಕೆ ತರುತ್ತವೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ಜಾಹೀರಾತು ಕೊಳ್ಳುವ ಬದಲು ಓದುವಂಥ ಒಂದು ಪುಟ ಬರೆದು ಕೊಡಿ. ಅಪ್ಪೆಹುಳಿ ಮಾಡುವ ಕ್ರಮ ನಾನು ಕಳಿಸಿದ್ದೆ, ಕೊನೆಯಲ್ಲಿ ಸೂಟ್‌ಕೇಸ್ ಪುಟದ ವಿಳಾಸ. ಒಂದು ಸಂಚಿಕೆಯಲ್ಲಿ ಅದು ಹಳೆಯ ನುಡಿ ಫಾಂಟಿನಲ್ಲಿ ಅಚ್ಚಾಗಿ ಪಿಡಿಎಫ್ ಆಯಿತು. ಓದಲು ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ; ಹುಡುಕಿದರೆ ಸಿಗುವುದಿಲ್ಲ. ಕಳಿಸುವಾಗಲೇ ‘ಯುನಿಕೋಡ್‌ನಲ್ಲಿ ಇರಲಿ’, ಅಂದರೆ ಯಂತ್ರವೂ ಕನ್ನಡವೆಂದೇ ಓದುವ ಅಕ್ಷರದಲ್ಲಿ, ಎಂದು ಕೈಮುಗಿದು ಕೇಳಿ. ನಿಮ್ಮ ತಾಣದಲ್ಲೇ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನ ಕಾಲದ ಪುಟಗಳಿದ್ದರೆ ಅವನ್ನು ಬದಲಾಯಿಸುವುದು ಎಲ್ಲಕ್ಕಿಂತ ಮೊದಲ ಕೆಲಸ.

ಹೆಜ್ಜೆ 7: ನಕ್ಷೆ, ಜಾತ್ರೆ, ಮತ್ತು ನನ್ನ ದುರಾಸೆ

ನಕ್ಷೆಯಲ್ಲಿ ಮನೆಯನ್ನು ಗುರುತಿಸಿ. ಮಲೆನಾಡಿನ ಮನೆಗಳಿಗೆ ಬೋರ್ಡು ಇರುವುದಿಲ್ಲ, ತಿರುವಿನ ಫೋಟೊ ಹಾಕಿ. ಯಾಣ, ಸಹಸ್ರಲಿಂಗ ನೋಡಲು ಬಂದವರು ಹತ್ತಿರದಲ್ಲಿ ಏನು ಸಿಗುತ್ತದೆ ಎಂದು ನಕ್ಷೆಯಲ್ಲೇ ಕೇಳುತ್ತಾರೆ. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಹೇಳಬೇಕಾದದ್ದು ಜಾತ್ರೆಯ ಕತೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜನ ಲಕ್ಷಗಟ್ಟಲೆ ಸೇರುತ್ತಾರೆ, ನಾನೂ ಜಾತ್ರೆಯ ಬಗ್ಗೆ ಒಂದು ಪುಟ ಬರೆದೆ: ಗಾಡಿ ಎಲ್ಲಿ ನಿಲ್ಲಿಸುವುದು, ಯಾವ ಹೊತ್ತಿಗೆ ನೂಕುನುಗ್ಗಲು ಕಡಿಮೆ. ಓದುಗರು ಮುಗಿಬಿದ್ದರು. ಉಪ್ಪಿನಕಾಯಿ ಕೇಳಿದವರು ಇಲ್ಲವೆನ್ನುವಷ್ಟು ಕಡಿಮೆ. ಜಾತ್ರೆ ಹುಡುಕಿಕೊಂಡು ಬಂದವರು ಜಾತ್ರೆಗೇ ಬಂದವರು. ಏಜೆಂಟ್ ತಂದ ಹತ್ತು ಸಾವಿರಕ್ಕೂ ಇದಕ್ಕೂ ಇದ್ದ ಅಂತರ ಇಷ್ಟೇ: ಇವರು ನಿಜವಾದ ಮನುಷ್ಯರು.

ಹೆಜ್ಜೆ 8: ಚಪ್ಪಲಿ ಎಣಿಸಿ

ಯಾವ ದಾರಿಯಿಂದ ಯಾರು ಬಂದರು ಎಂದು ತಿಳಿಯಲು ಪ್ರತಿ ದಾರಿಗೂ ಬೇರೆ ಬಾಲದ ವಿಳಾಸ ಕೊಡಿ. ಮುಚ್ಚಳಕ್ಕೆ ಒಂದು, ಸಂಚಿಕೆಗೆ ಒಂದು, ಭಟ್ಟರ ಪುಟಕ್ಕೆ ಒಂದು. ವಿಳಾಸದ ಕೊನೆಗೆ ಅಂಟಿಸುವ, ಯುಟಿಎಂ ಎನ್ನುವ ಈ ಬಾಲವನ್ನು ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಗುರುತಿಸಿ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. ಬಾಲ ಉದ್ದವಾಗುತ್ತದಾದ್ದರಿಂದ ಮುಚ್ಚಳಕ್ಕೆ ನಿಮ್ಮದೇ ತಾಣದ ಗಿಡ್ಡ ವಿಳಾಸ ಇಟ್ಟು, ಅಲ್ಲಿಂದ ಬಾಲದ ವಿಳಾಸಕ್ಕೆ ತಿರುಗಿಸಿಕೊಳ್ಳಿ.

ಆದರೂ ಅರ್ಧಕ್ಕರ್ಧ ಮಂದಿ ಪುಟ ನೋಡಿ, ಗುಂಡಿ ಒತ್ತದೆ, ನೇರ ಫೋನ್ ಮಾಡುತ್ತಾರೆ. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಆರ್ಡರ್ ಬರೆಯುವ ನೋಟ್‌ಬುಕ್ಕಿನಲ್ಲಿ ನಾವು ಒಂದು ಖಾನೆ ಹೆಚ್ಚು ಎಳೆದಿದ್ದೇವೆ, ಅದರ ತಲೆಯ ಮೇಲೆ ‘ಚಪ್ಪಲಿ’ ಎಂದೇ ಬರೆದಿದೆ. ‘ನಮ್ಮ ವಿಷಯ ಎಲ್ಲಿ ಗೊತ್ತಾಯಿತು?’ ಎಂದು ಅತ್ತೆ ಕೇಳುತ್ತಾರೆ, ಉತ್ತರ ಬರೆದುಕೊಳ್ಳುತ್ತಾರೆ. ಕಳೆದ ಸಲ ಆ ಖಾನೆಯಲ್ಲಿ ‘ಮಗಳ ಅತ್ತೆಯ ಮನೆಯ ಮುಚ್ಚಳ’ ಎಂದಿತ್ತು.

ಮೂರು ತಿಂಗಳಿಗೊಮ್ಮೆ ಆ ಖಾನೆ ಓದಿ, ಒಂದೂ ಚಪ್ಪಲಿ ಬಾರದ ದಾರಿಯನ್ನು ಬಿಟ್ಟುಬಿಡಿ. ಜಾತ್ರೆಯ ಪುಟ ತೆಗೆಯಲು ನನಗೆ ಮನಸ್ಸು ಬಂದಿಲ್ಲ, ಆದರೆ ಅದರ ಮೇಲೆ ಈಗ ಸಮಯ ಹಾಕುವುದಿಲ್ಲ.

ಕೊನೆಯದು ಕಾಲದ ಲೆಕ್ಕ. ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿ ಇಟ್ಟುಕೊಳ್ಳುತ್ತದೆ. ಹಿಂದಿನ ಮಿಡಿಕಾಲವನ್ನು ಈ ಮಿಡಿಕಾಲದ ಪಕ್ಕದಲ್ಲಿ ಇಟ್ಟು ನೋಡಲು ಅಷ್ಟು ಸಾಕು. ನೋಡಿದಾಗ ತಿಳಿದದ್ದು, ಜನ ಹುಡುಕಲು ಶುರು ಮಾಡುವುದು ಮಿಡಿ ಪೇಟೆಗೆ ಬರುವ ಮೊದಲೇ. ಹೊಸ ಪುಟ ಗೂಗಲ್ಲಿನ ಕಣ್ಣಿಗೆ ಬಿದ್ದು ಮೇಲೆ ಬರಲು ವಾರಗಳೇ ಬೇಕು, ಹಾಗಾಗಿ ಮಾರ್ಚಿನಲ್ಲಿ ಬರೆದದ್ದು ಮುಂದಿನ ವರ್ಷಕ್ಕೆ. ಈಗ ತೋಟದಂಚಿನ ಮರ ಹೂ ಬಿಟ್ಟಿದೆ. ಅತ್ತೆ ಭರಣಿಗಳನ್ನು ತೊಳೆದು ಅಂಗಳದಲ್ಲಿ ಮಗುಚಿ ಹಾಕಿದ್ದಾರೆ. ನಾನು ‘ಮಿಡಿ ಮೆತ್ತಗಾಗುವುದೇಕೆ’ ಪುಟದ ಫೋಟೊ ಬದಲಾಯಿಸುತ್ತಿದ್ದೇನೆ; ಹಳೆಯದರಲ್ಲಿ ಹೆಬ್ಬೆರಳಿನ ಉಗುರಿಗೆ ಅರಿಶಿನ ಮೆತ್ತಿತ್ತು.